ಸ್ಪ್ರೇ ಹೊಡೆದ ಮೇಲೆ ಇರುವೆ ಹೆಚ್ಚಾದದ್ದೇಕೆ?

ಪ್ರಶ್ನೆ: ಮೈಸೂರಿನ ನಮ್ಮ ಮನೆಯಲ್ಲಿ ಅಡುಗೆಕೋಣೆಯ ಸ್ವಿಚ್‌ಬೋರ್ಡ್ ಸಂದಿಯಿಂದ ಹಳದಿ ಮಿಶ್ರಿತ ಕಂದು ಬಣ್ಣದ, ಅತಿ ಸಣ್ಣ ಇರುವೆಗಳು ಸಾಲುಗಟ್ಟಿ ಬರುತ್ತಿದ್ದವು. ಕೀಟನಾಶಕ ಸ್ಪ್ರೇ ಹೊಡೆದ ಮೇಲೆ ಎರಡು ದಿನ ಮರೆಯಾಗಿದ್ದು, ಈಗ ಬಚ್ಚಲಿನಲ್ಲೂ ಮಲಗುವ ಕೋಣೆಯಲ್ಲೂ ಕಾಣಿಸಿಕೊಂಡಿವೆ. ಮೊದಲ ಮಳೆಯ ರಾತ್ರಿ ದೀಪಕ್ಕೆ ರೆಕ್ಕೆಹುಳಗಳೂ ಮುತ್ತಿದ್ದವು. ಅವು ಗೆದ್ದಲೇ? ಮನೆಯಲ್ಲಿ ಅಂಬೆಗಾಲಿಡುವ ಮಗುವಿದೆ.

ಉತ್ತರ: ನಿಮ್ಮ ವಿವರಣೆಯನ್ನು ನೋಡಿದರೆ ಇವು ಬಹುಮಟ್ಟಿಗೆ ಫೇರೋ ಇರುವೆಗಳು. ಖಚಿತಪಡಿಸಿಕೊಳ್ಳಲು ಒಂದೆರಡನ್ನು ಸೆಲ್ಲೋಟೇಪಿಗೆ ಅಂಟಿಸಿ, ಮೊಬೈಲ್ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡಿ. ಉದ್ದ ಸುಮಾರು 2 ಮಿಲಿಮೀಟರ್ ಇದ್ದು, ಮೈ ಹಳದಿಗಂದು, ಹೊಟ್ಟೆಯ ತುದಿ ಮಾತ್ರ ತುಸು ಕಪ್ಪಾಗಿದ್ದರೆ ಅವೇ. ಬದಲಿಗೆ ತಲೆ ಕಪ್ಪಾಗಿದ್ದು ಹೊಟ್ಟೆ ಮತ್ತು ಕಾಲುಗಳು ಬಿಳಿಚಿಕೊಂಡಂತಿದ್ದರೆ ಅದು ಬೇರೆ ಜಾತಿ. ಆದರೂ ಮುಂದೆ ಹೇಳುವ ಉಪಾಯ ಅದಕ್ಕೂ ಸಲ್ಲುತ್ತದೆ. ರಾತ್ರಿ ಹೊತ್ತು ಅಂಗಳದಿಂದ ಬರುವ ದೊಡ್ಡ ಕಪ್ಪು ಗೊದ್ದಗಳ ಗೂಡು ಸಾಮಾನ್ಯವಾಗಿ ಹೊರಗಿನ ಮಣ್ಣಿನಲ್ಲಿರುವುದರಿಂದ, ಬಾಗಿಲಿನ ಸಂದಿ ಮುಚ್ಚಿದರೆ ಅರ್ಧ ತೊಂದರೆ ಮುಗಿಯಿತು.

ಫೇರೋ ಇರುವೆಯ ಗೂಡಿನಲ್ಲಿ ಒಂದಲ್ಲ, ಅನೇಕ ರಾಣಿಗಳಿರುತ್ತವೆ. ಸ್ಪ್ರೇ ತಗುಲಿದೊಡನೆ ಸಾಲಿನಲ್ಲಿದ್ದ ಕೆಲಸಗಾರ ಇರುವೆಗಳು ಸಾಯುತ್ತವೆಯಾದರೂ, ಗೋಡೆಯೊಳಗಿರುವ ಉಳಿದವು ಅಪಾಯವನ್ನರಿತು, ಕೆಲವು ರಾಣಿಗಳನ್ನೂ ಮೊಟ್ಟೆ ಮರಿಗಳನ್ನೂ ಕರೆದುಕೊಂಡು ಬೇರೆಡೆ ಹೊಸ ಗೂಡು ಹೂಡುತ್ತವೆ. ಅವಿಭಕ್ತ ಕುಟುಂಬ ಪಾಲಾದಂತೆ, ಒಂದು ಗೂಡು ಮೂರಾಗುತ್ತದೆ. ನಿಮ್ಮ ಮನೆಯಲ್ಲಿ ಆಗಿರುವುದು ಇದೇ ಎಂದು ನನ್ನ ಅಂದಾಜು. ಆದ್ದರಿಂದ ಸ್ಪ್ರೇಯನ್ನು ಇಂದೇ ನಿಲ್ಲಿಸಿ. ಸ್ವಿಚ್‌ಬೋರ್ಡಿನೊಳಗಂತೂ ಯಾವ ದ್ರವವನ್ನೂ ಹೊಡೆಯಬಾರದು. ಇರುವೆ ಸೀಮೆಸುಣ್ಣವೂ ಬೇಡ. ಅದು ಕೀಟನಾಶಕವೇ ಆಗಿದ್ದು, ಅಂಬೆಗಾಲಿಡುವ ಮಗುವಿನ ಕೈಗೂ ಬಾಯಿಗೂ ಸುಲಭವಾಗಿ ಎಟುಕುತ್ತದೆ.

ಇವಕ್ಕೆ ಮದ್ದೆಂದರೆ ನಿಧಾನವಾಗಿ ಕೆಲಸ ಮಾಡುವ ವಿಷದ ತಿನಿಸು. 100 ಮಿಲಿಲೀಟರ್ ಬಿಸಿನೀರಿನಲ್ಲಿ ಎರಡು ಚಮಚ ಸಕ್ಕರೆ ಮತ್ತು 1 ಗ್ರಾಂ, ಅಂದರೆ ಸುಮಾರು ಕಾಲು ಟೀ ಚಮಚದಷ್ಟು ಬೋರಿಕ್ ಆಮ್ಲದ ಪುಡಿಯನ್ನು ಪೂರ್ತಿ ಕರಗಿಸಿ. ಹೆಚ್ಚು ಹಾಕಿದರೆ ಬೇಗ ಫಲ ಸಿಗುತ್ತದೆಂದು ಬಹಳ ಮಂದಿ ಕೈ ಬಿಗಿ ಹಿಡಿಯದೆ ಸುರಿಯುತ್ತಾರೆ. ಆಗ ಇರುವೆ ದಾರಿಯಲ್ಲೇ ಸತ್ತು, ವಿಷ ರಾಣಿಯ ಬಾಯಿಗೆ ಮುಟ್ಟುವುದೇ ಇಲ್ಲ. ಈ ದ್ರಾವಣದಲ್ಲಿ ಅದ್ದಿದ ಹತ್ತಿಯನ್ನು, ಸಣ್ಣ ತೂತು ಕೊರೆದ ಮುಚ್ಚಳದ ಡಬ್ಬಿಯಲ್ಲಿಟ್ಟು, ಮಗುವಿಗೆ ಎಟುಕದ ಎತ್ತರದಲ್ಲಿ ಇರುವೆಯ ಸಾಲಿನ ಪಕ್ಕದಲ್ಲೇ ಇರಿಸಿ. ಬೋರಿಕ್ ಆಮ್ಲ ಮಕ್ಕಳ ಹೊಟ್ಟೆಗೆ ಹೋದರೆ ಅಪಾಯ, ಹಾಗಾಗಿ ಕಲಸಿದ ಪಾತ್ರೆಯನ್ನು ಅಡುಗೆಗೆ ಬಳಸಬೇಡಿ. ಸಿಹಿಗೆ ಇರುವೆ ಬಾರದಿದ್ದರೆ ಶೇಂಗಾ ಪೇಸ್ಟಿನಲ್ಲಿ ಬೋರಿಕ್ ಆಮ್ಲವನ್ನು ಅದೇ ಪ್ರಮಾಣದಲ್ಲಿ ಬೆರೆಸಿ ನೋಡಿ, ಏಕೆಂದರೆ ಇವು ಕೆಲವೊಮ್ಮೆ ಸಕ್ಕರೆ ಬಿಟ್ಟು ಎಣ್ಣೆಯಂಶಕ್ಕೇ ಮುತ್ತುತ್ತವೆ.

ಮೊದಲ ದಿನ ಡಬ್ಬಿಯ ಸುತ್ತ ಇರುವೆಗಳ ಜಾತ್ರೆಯೇ ನೆರೆದೀತು. ಅದು ಒಳ್ಳೆಯ ಲಕ್ಷಣ. ಆ ಸಾಲನ್ನು ಒರೆಸಬೇಡಿ, ಅರಿಶಿನವನ್ನೂ ಚೆಲ್ಲಬೇಡಿ. ಬೆಲ್ಲದ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿಡುವ ಹಳೆಯ ರೂಢಿ ಒಳ್ಳೆಯದೇ. ಆದರೆ ಇಷ್ಟು ಹಗುರವಾದ ಇರುವೆ ನೀರಿನ ಮೇಲೆಯೇ ನಡೆದುಬಿಡಬಹುದಾದ್ದರಿಂದ ಒಂದು ತೊಟ್ಟು ಪಾತ್ರೆ ತೊಳೆಯುವ ಸಾಬೂನು ಸೇರಿಸಿ.

ರೆಕ್ಕೆಹುಳಗಳ ವಿಷಯಕ್ಕೆ ಬಂದರೆ, ಬೆಳಿಗ್ಗೆ ಕಿಟಕಿಯ ಬಳಿ ಉದುರಿದ ರೆಕ್ಕೆಗಳನ್ನು ಗಮನಿಸಿ. ನಾಲ್ಕೂ ಒಂದೇ ಅಳತೆಯಲ್ಲಿದ್ದು, ಹುಳದ ಸೊಂಟ ದಪ್ಪಗೆ, ಮೀಸೆ ಮಣಿಸರದಂತೆ ನೇರವಾಗಿದ್ದರೆ ಅದು ಗೆದ್ದಲು. ಹೊರಗಿನಿಂದ ಹಾರಿಬಂದದ್ದಷ್ಟೇ ಆದರೆ ಚಿಂತೆಯಿಲ್ಲ. ಬಾಗಿಲ ಚೌಕಟ್ಟಿನಲ್ಲಿ ಮಣ್ಣಿನ ಗೆರೆ ಕಂಡರೆ ಮಾತ್ರ ಪರಿಣತರನ್ನು ಕರೆಸಬೇಕು. ಸೊಂಟ ಸಣ್ಣಗಿದ್ದು, ಮುಂದಿನ ರೆಕ್ಕೆ ಹಿಂದಿನದಕ್ಕಿಂತ ಉದ್ದವಾಗಿದ್ದು, ಮೀಸೆ ಮೊಣಕೈಯಂತೆ ಬಾಗಿದ್ದರೆ ಅದು ಇರುವೆಯೇ.

ಡಬ್ಬಿಯನ್ನು ಮೂರು ನಾಲ್ಕು ದಿನಕ್ಕೊಮ್ಮೆ ಹೊಸದಾಗಿ ತುಂಬುತ್ತಾ, ಬಚ್ಚಲು ಮತ್ತು ಮಲಗುವ ಕೋಣೆಯಲ್ಲೂ ಒಂದೊಂದನ್ನು ಇಟ್ಟು, ಇರುವೆ ಕಾಣದಾದ ಮೇಲೂ ಎರಡು ವಾರ ತೆಗೆಯದಿರಿ.