ಹಸು ಕಂದು ಹಾಕಿದೆ, ರಕ್ತ ಪರೀಕ್ಷೆ ನೆಗೆಟಿವ್: ಹಾಲು ಕಾಯಿಸಿ ಕುಡಿದರೆ ಸಾಕೇ?

ಏಳನೇ ತಿಂಗಳಲ್ಲಿ ಕಂದು ಹಾಕಿದ (ಗರ್ಭಪಾತವಾದ) ಹಸು, ಅದೇ ದಿನ ತೆಗೆಸಿದ ರಕ್ತ, ಬ್ರುಸೆಲ್ಲಾ (ಹಸು ಕಂದು ಹಾಕುವಂತೆ ಮಾಡುವ, ಮನುಷ್ಯರಿಗೂ ಅಂಟುವ ರೋಗಾಣು) ನೆಗೆಟಿವ್ ಅನ್ನುವ ರಿಪೋರ್ಟು. ಈ ಮೂರೂ ಜೊತೆಯಾಗಿ ನಮ್ಮ ಲ್ಯಾಬಿಗೆ ಬರುತ್ತಲೇ ಇರುತ್ತವೆ. ಆ ರಿಪೋರ್ಟನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ತಪ್ಪಾಗಿರುವುದು ರಕ್ತ ತೆಗೆದ ದಿನ. ಇದಕ್ಕೆ ಮಾಡುವ ರೋಸ್ ಬೆಂಗಾಲ್ ಅನ್ನುವ ರಕ್ತ ಪರೀಕ್ಷೆ ರೋಗಾಣುವನ್ನು ಹುಡುಕುವುದಿಲ್ಲ, ಅದರ ವಿರುದ್ಧ ಹಸುವಿನ ಮೈಯಲ್ಲಿ ಹುಟ್ಟುವ ಪ್ರತಿಕಾಯವನ್ನು ಹುಡುಕುತ್ತದೆ. ಕೆಲವು ಹಸುಗಳಲ್ಲಿ ಪ್ರತಿಕಾಯ ಕಣ್ಣಿಗೆ ಬೀಳುವಷ್ಟು ಏರುವುದೇ ಕಂದು ಹಾಕಿ ಕೆಲವು ವಾರ ಕಳೆದ ಮೇಲೆ. ಅಂದರೆ ರೋಗಾಣು ಅತಿ ಹೆಚ್ಚು ಹೊರಬೀಳುವ ದಿನವೇ ರಿಪೋರ್ಟು ನೆಗೆಟಿವ್ ಬರಬಹುದು. ಮೂರು-ನಾಲ್ಕು ವಾರ ಬಿಟ್ಟು ಮತ್ತೆ ರಕ್ತ ಕೊಡಿ. ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಇಲ್ಲದ ಟ್ಯೂಬಿನಲ್ಲಿ 5 ಮಿಲಿ ಸಾಕು. ಸೀರಂ (ಹೆಪ್ಪುಗಟ್ಟಿದ ರಕ್ತದಿಂದ ಬೇರೆಯಾಗುವ ತಿಳಿ ದ್ರವ) ಬೇರ್ಪಡುವ ಮೊದಲೇ ಫ್ರೀಜರಿಗೆ ಹಾಕಿದರೆ ರಕ್ತಕಣ ಒಡೆದು ಸ್ಯಾಂಪಲ್ ಕೆಡುತ್ತದೆ. ಲ್ಯಾಬಿನಲ್ಲೂ ಎಡವಟ್ಟು ಆಗುತ್ತದೆ: 30 ಮೈಕ್ರೋಲೀಟರ್ ಸೀರಂ, ಅಷ್ಟೇ ಆಂಟಿಜನ್ (ಬಣ್ಣ ಹಾಕಿದ ಸತ್ತ ರೋಗಾಣುವಿನ ದ್ರವ) ಬೆರೆಸಿ ಅಲ್ಲಾಡಿಸಿ 4 ನಿಮಿಷಕ್ಕೆ ಸರಿಯಾಗಿ ನೋಡಬೇಕು. ತಡಮಾಡಿದರೆ ಹನಿಯ ಅಂಚು ಒಣಗಿ, ನೆಗೆಟಿವ್ ಸೀರಂ ಕೂಡ ಪಾಸಿಟಿವ್‌ನ ಹಾಗೆ ಗುಲಾಬಿ ಹರಳು ಕಟ್ಟಿದಂತೆ ಕಾಣುತ್ತದೆ. ಎಸ್19 ಅನ್ನುವ ಬ್ರುಸೆಲ್ಲಾ ಲಸಿಕೆ ಹಾಕಿಸಿದ ಹಸುವಾದರೆ ಅದನ್ನೂ ತಿಳಿಸಿ. ಲಸಿಕೆಯಿಂದಲೂ ಪಾಸಿಟಿವ್ ಬರಬಹುದು.

ಕಂದು ಹಾಕಿದ ದಿನವೇ ಉತ್ತರ ಬೇಕಿದ್ದರೆ ರಕ್ತಕ್ಕಿಂತ ಸತ್ತ ಕರುವಿನ ಹೊಟ್ಟೆಯೊಳಗಿನ ದ್ರವ, ಮಾಸಿನ ಒಂದು ತುಂಡು ಒಳ್ಳೆಯದು. ಪಶುವೈದ್ಯರೇ ತೆಗೆಯಲಿ, ಐಸಿನಲ್ಲಿ ಕಳಿಸಲಿ. ಫಾರ್ಮಲಿನ್‌ಗೆ ಹಾಕಿದರೆ ರೋಗಾಣು ಸತ್ತುಹೋಗಿ, ಅದನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಆಗುವುದಿಲ್ಲ.

ಇನ್ನು ನಿಮ್ಮ ಹಾಲಿನ ಪ್ರಶ್ನೆ. ನನ್ನ ಪ್ರಕಾರ ನೀವು ಮೊದಲು ಹೆದರಬೇಕಾದದ್ದು ಹಾಲಿಗಲ್ಲ, ಆ ಮಾಸಿಗೆ. 1897ರಲ್ಲಿ ಡೆನ್ಮಾರ್ಕಿನ ಪಶುವೈದ್ಯ ಬರ್ನ್‌ಹಾರ್ಡ್ ಬ್ಯಾಂಗ್ ಈ ರೋಗಾಣುವನ್ನು ಹಿಡಿದದ್ದೂ ಕಂದು ಹಾಕಿದ ಹಸುವಿನಲ್ಲೇ. ಬರಿಗೈಯಲ್ಲಿ ಮಾಸು ಎಳೆದವರಿಗೆ ಚರ್ಮದ ಸಣ್ಣ ಗೀರಿನಿಂದಲೂ, ಕಣ್ಣಿಗೆ ಸಿಡಿದರೂ ರೋಗ ಅಂಟುತ್ತದೆ. ಕೈಗವಸು, ಮಾಸ್ಕು, ಕನ್ನಡಕ ಇಲ್ಲದೆ ಮುಟ್ಟಬೇಡಿ. ಕರು, ಮಾಸು, ನೆನೆದ ಹುಲ್ಲು ಎಲ್ಲವನ್ನೂ ನಾಯಿ ಕೆದಕದಷ್ಟು ಆಳದ ಗುಂಡಿಗೆ ಸುಣ್ಣ ಹಾಕಿ ಹೂಳಿ. ಸ್ರಾವ ನಿಲ್ಲುವವರೆಗೆ ಹಸುವನ್ನು ಬೇರೆ ಕಟ್ಟಿ.

ಹಾಲು ಉಕ್ಕಿ ಬರುವಂತೆ ಕಾಯಿಸಿದರೆ ರೋಗಾಣು ಉಳಿಯುವುದಿಲ್ಲ. 63 ಡಿಗ್ರಿಯಲ್ಲಿ 30 ನಿಮಿಷ ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡ್ ಇಟ್ಟರೂ ಸಾಕು. ಆದರೆ ಹಸಿ ಹಾಲಿನ ಚೀಸು, ಕೆನೆ ಬೇಡವೇ ಬೇಡ. ಹಾಲಿನಲ್ಲಿ ಪ್ರತಿಕಾಯ ಹುಡುಕುವ ರಿಂಗ್ ಪರೀಕ್ಷೆಯ ಒಂದು ಸಲದ ಫಲಿತಾಂಶ ನೋಡಿ ತೀರ್ಮಾನಕ್ಕೆ ಬರಬೇಡಿ: ಕೆಚ್ಚಲು ಬಾವು ಇದ್ದಾಗ ಅದು ಸುಳ್ಳು ಪಾಸಿಟಿವ್ ತೋರಿಸಬಹುದು.

ಹಸುವಿಗೆ ಆಂಟಿಬಯೋಟಿಕ್ ಕೊಡಿಸಿ ಗುಣಪಡಿಸುವ ಯೋಚನೆ ಬಿಡಿ. ಈ ರೋಗಾಣು ಜೀವಕೋಶದ ಒಳಗೆ ಅಡಗುವುದರಿಂದ ಪೂರ್ತಿ ಹೋಗುವುದಿಲ್ಲ, ಔಷಧಿಯ ಉಳಿಕೆ ಮಾತ್ರ ಹಾಲಿಗೆ ಬರುತ್ತದೆ, ಅದು ಕುದಿಸಿದರೂ ಪೂರ್ತಿ ಹೋಗುವಂಥದ್ದಲ್ಲ.

ಮನೆಯಲ್ಲಿ ಯಾರಿಗಾದರೂ ಬಂದು ಹೋಗುವ ಜ್ವರ, ರಾತ್ರಿ ಬೆವರು, ಸೊಂಟ ನೋವು ಶುರುವಾದರೆ ಹಸು ಕಂದು ಹಾಕಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ. ಅವರಾಗಿ ಕೇಳುವುದು ಅಪರೂಪ.