ನೀವು ಕೇಳಿದಿರಿ: ಗಂಗೋತ್ರಿಯ ಜಾನಪದ ಮ್ಯೂಸಿಯಂ ಮುಂದೇನು?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಕ್ಯಾಂಪಸ್‌ನಲ್ಲಿರುವ ಜಾನಪದ ವಸ್ತುಸಂಗ್ರಹಾಲಯದ ಬಗ್ಗೆಯೇ ಇವೆ. ನನಗೂ ಇಷ್ಟದ ಜಾಗ. ಹಾಗಾಗಿ ಪೂರ್ತಿ ಪುಟ ಅದಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ಪ್ರತಿ ವರ್ಷ ಮಕ್ಕಳನ್ನು ಮೈಸೂರಿಗೆ ಪ್ರವಾಸ ಕರೆತರುತ್ತೇವೆ. ಅರಮನೆ, ಜೂ, ಬೆಟ್ಟ ನೋಡಿ ವಾಪಸ್. ಮಾನಸಗಂಗೋತ್ರಿಯಲ್ಲಿ ಜಾನಪದ ಮ್ಯೂಸಿಯಂ ಇದೆಯಂತೆ, ಅದು ಹೇಗೆ ಬೆಳೆಯಿತು? — ಶಿಕ್ಷಕಿ, ನಾಗಮಂಗಲ

ಮೇಡಂ, ಆ ಕಥೆ ನಿಮ್ಮ ತಾಲ್ಲೂಕಿನಿಂದಲೇ ಶುರುವಾಗುತ್ತದೆ. ಜೀಶಂಪ ಅಂತ ಎಲ್ಲರೂ ಕರೆಯುವ ಜೀ.ಶಂ. ಪರಮಶಿವಯ್ಯನವರು ನಿಮ್ಮ ಕಡೆಯವರು. ಹಾಡು, ಕಥೆ ಹುಡುಕಿಕೊಂಡು ಊರೂರು ಅಲೆದವರು. 1968ರಲ್ಲಿ ಮ್ಯೂಸಿಯಂ ಶುರುವಾಯಿತು. ಅದನ್ನು ಕಟ್ಟಿ ನಿಲ್ಲಿಸಿದವರಲ್ಲಿ ಇನ್ನೊಬ್ಬರು ಚಿತ್ರದುರ್ಗ ಸೀಮೆಯ ಹರ್ತಿಕೋಟೆಯ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ. ಚಿತ್ರ ಬರೆಯುವ ಕೈ ಅಲ್ವಾ, ಒಂದು ದೀಪದ ಕಂಬ ನೋಡಿದರೂ ಅದರ ಸೊಗಸು ಅವರಿಗೆ ತಟ್ಟನೆ ತಿಳಿಯುತ್ತಿತ್ತು.

ಸರಿಯಾದ ಹೊತ್ತಿಗೇ ಶುರುಮಾಡಿದರು ಅಂತ ನನಗೆ ಯಾವಾಗಲೂ ಅನಿಸುತ್ತದೆ. ಆಗ ತಾನೇ ಕಿಲೋ, ಲೀಟರ್ ಬಂದು ಸೇರು, ಪಾವು ಮೂಲೆ ಸೇರುತ್ತಿದ್ದವು, ಹಿತ್ತಾಳೆ ಪಾತ್ರೆ ಗುಜರಿಗೆ ಹೋಗಿ ಸ್ಟೀಲ್ ಬರುತ್ತಿತ್ತು, ಊರಿಗೆ ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಹಿತ್ತಲಿಗೆ ಹೋಗುತ್ತಿತ್ತು. ಇನ್ನು ಇಪ್ಪತ್ತು ವರ್ಷ ತಡಮಾಡಿದ್ದರೆ ಅರ್ಧದಷ್ಟೂ ಸಿಗುತ್ತಿರಲಿಲ್ಲ. ಈಗ ಅಲ್ಲಿ 6,500ಕ್ಕೂ ಜಾಸ್ತಿ ವಸ್ತುಗಳಿವೆ. ಅಡುಗೆ ಮನೆಯ ಸಾಮಾನು, ಬೇಸಾಯದ ಸಲಕರಣೆ, ದೀಪಗಳು, ತೊಗಲು ಗೊಂಬೆ, ಯಕ್ಷಗಾನದ ವೇಷಭೂಷಣ, ಗ್ರಾಮದೇವತೆಯ ಹಬ್ಬದಲ್ಲಿ ಹೊತ್ತು ಕುಣಿಯುವ ಸೋಮನ ಕುಣಿತದ ದೊಡ್ಡ ದೊಡ್ಡ ಮುಖಗಳು.

ಮಕ್ಕಳಿಗೆ ಎಲ್ಲವನ್ನೂ ತೋರಿಸಲು ಹೋಗಬೇಡಿ. ಅಳತೆಯ ಸಾಮಾನಿನ ಮುಂದೆ ಒಂದು ಹದಿನೈದು ನಿಮಿಷ ನಿಲ್ಲಿಸಿ. ನಾಲ್ಕು ಪಾವು ಅಂದರೆ ಒಂದು ಸೇರು, ಅಲ್ಲಿಂದ ಮೇಲೆ ಬಳ್ಳ, ಕೊಳಗ. ಹಳೆಯ ಪಾವಿನ ಅಂಚು ಹತ್ತಿರದಿಂದ ನೋಡಿದರೆ ಒಂದು ಕಡೆ ತೆಳ್ಳಗಾಗಿರುತ್ತದೆ. ರಾಗಿ ತುಂಬಿ ಅಂಗೈಯಿಂದ ಸವರಿ ಸವರಿ, ಹೆಚ್ಚಾದದ್ದನ್ನು ಕೆಳಗೆ ತಳ್ಳಿ ಆ ಅಂಚು ಸವೆದಿರುತ್ತದೆ. ಒಂದು ಮನೆಯ ಎಷ್ಟೋ ವರ್ಷದ ಅಳತೆ ಅಲ್ಲಿರುತ್ತದೆ. ಇದನ್ನು ಹೇಳಿಕೊಟ್ಟರೆ ಮಕ್ಕಳು ಉಳಿದದ್ದನ್ನು ತಾವೇ ನೋಡಲು ಶುರುಮಾಡುತ್ತಾರೆ. ಬರುವ ಮೊದಲು ಫೋನ್ ಮಾಡಿ. ದುರಸ್ತಿ ನಡೆಯುವಾಗ ಎಲ್ಲ ಕೋಣೆಗಳೂ ತೆರೆದಿರುವುದಿಲ್ಲ.

ಪ್ರಶ್ನೆ: ಕಟ್ಟಡ ಸೋರುತ್ತಿದೆ, ಚಾವಣಿ ಬೀಳುತ್ತಿದೆ ಅಂತ ಪೇಪರ್‌ನಲ್ಲಿ ಓದಿದ್ದೆ. ಅಷ್ಟೆಲ್ಲ ಕಷ್ಟ ಯಾಕೆ? ಹೊಸ ಕಟ್ಟಡ ಕಟ್ಟಿ ಸಾಮಾನು ಸಾಗಿಸಬಾರದೇ? — ಎಂಜಿನಿಯರ್, ಬೆಂಗಳೂರು

ಕೇಳುವುದಕ್ಕೆ ಸುಲಭ ಅನಿಸುತ್ತದೆ, ನಿಜ. ಆದರೆ ಆ ಕಟ್ಟಡ ಬರೀ ಗೋದಾಮು ಅಲ್ಲ. ಮ್ಯೂಸಿಯಂ ಇರುವ ಜಯಲಕ್ಷ್ಮಿ ವಿಲಾಸ ಅರಮನೆ 1905ರಲ್ಲಿ ಮೈಸೂರು ಮಹಾರಾಜ ಚಾಮರಾಜ ಒಡೆಯರ ಹಿರಿ ಮಗಳು ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿದ್ದು. ನೂರಿಪ್ಪತ್ತಕ್ಕೂ ಹೆಚ್ಚು ಕೋಣೆಗಳಿವೆ, ಕೆತ್ತನೆಯ ಬಾಗಿಲು ಕಿಟಕಿಗಳಿಗೆ ಲೆಕ್ಕವೇ ಇಲ್ಲ. 1959ರಲ್ಲಿ, ಕುವೆಂಪು ಕುಲಪತಿಗಳಾಗಿದ್ದಾಗ, ಇದು ವಿಶ್ವವಿದ್ಯಾನಿಲಯದ ಕೈಗೆ ಬಂತು. ಕಟ್ಟಡವೂ ಒಂದು ವಸ್ತುವೇ, ಮ್ಯೂಸಿಯಂನಲ್ಲೇ ಎಲ್ಲಕ್ಕಿಂತ ದೊಡ್ಡದು.

ಹಾಗಂತ ಹಾಗೇ ಬಿಡುವಂತಿಲ್ಲ. 2000ದ ನಂತರ ಇನ್ಫೋಸಿಸ್ ಫೌಂಡೇಶನ್ ಕೊಟ್ಟ 1.17 ಕೋಟಿ ರೂಪಾಯಿಯಲ್ಲಿ ಒಂದು ದೊಡ್ಡ ದುರಸ್ತಿ ಆಯಿತು. ಆಮೇಲೆ ಮಳೆ ತನ್ನ ಕೆಲಸ ಮಾಡಿತು. ಈಗ ಅಮೆರಿಕದ ರಾಯಭಾರಿಗಳ ಸಂರಕ್ಷಣಾ ನಿಧಿಯ ನೆರವು ಪಶ್ಚಿಮದ ಭಾಗಕ್ಕೆ ಸಿಕ್ಕಿದೆ. ಒಳ್ಳೆಯದೇ. ನೀವು ಎಂಜಿನಿಯರ್ ಆದ್ದರಿಂದ ಒಂದು ಮಾತು: ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಮೆತ್ತಿದರೆ ನೀರು ಒಳಗೇ ಉಳಿಯುತ್ತದೆ. ಗಾರೆ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಬಿಡುವುದಿಲ್ಲ. ಹಾಗಾಗಿ ಸುಣ್ಣದ ಗಾರೆ ಕೆಲಸ ಬಲ್ಲ ಮೇಸ್ತ್ರಿಗಳೇ ಬೇಕು, ಅಂಥವರು ಕಡಿಮೆ, ಕೆಲಸ ನಿಧಾನ. ನಿಧಾನವಾದರೂ ಪರವಾಗಿಲ್ಲ, ಅವಸರದ ತೇಪೆ ಬೇಡ.

ಪ್ರಶ್ನೆ: ಮ್ಯೂಸಿಯಂಗೆ ಮುಂದಿನ ಯೋಜನೆ ಅಂತ ನೀವು ಹೇಳುವುದಾದರೆ? — ಎಂ.ಎ. ವಿದ್ಯಾರ್ಥಿ, ಹಾಸನ

ಮೊದಲು ಚಾವಣಿ. ಚಾವಣಿ ಸೋರುತ್ತಿದ್ದರೆ ಬೇರೆ ಯಾವ ಯೋಜನೆಗೂ ಅರ್ಥವಿಲ್ಲ. ತೊಗಲು ಗೊಂಬೆಯನ್ನೇ ನೋಡಿ. ಚರ್ಮವನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು ಮಾಡಿದ್ದು. ತೇವ ತಗುಲಿದರೆ ಬೂಷ್ಟು ಹಿಡಿಯುತ್ತದೆ, ತೀರಾ ಒಣಗಿದರೆ ಸುರುಟಿಕೊಳ್ಳುತ್ತದೆ.

ಎರಡನೆಯದು ನಿಮ್ಮಂಥವರ ಕೆಲಸ, ಇದಕ್ಕೆ ಕೋಟಿಗಳೂ ಬೇಡ. ವಸ್ತು ಉಳಿದಿದೆ, ಅದನ್ನು ಬಳಸಿದವರು ಹೋಗುತ್ತಿದ್ದಾರೆ. ಕೂರಿಗೆಯಲ್ಲಿ ಬಿತ್ತಿದವರು, ಸೋಮನ ಮುಖ ಹೊತ್ತು ಕುಣಿದವರು ಇನ್ನೂ ಇದ್ದಾರೆ. ಅವರನ್ನು ಆ ಕೋಣೆಗೇ ಕರೆತಂದು, ವಸ್ತುವಿನ ಮುಂದೆ ಕೂರಿಸಿ, ಮಾತಾಡಿಸಿ, ವಿಡಿಯೊ ಮಾಡಿ. ಆ ಮುಖದ ಭಾರ ಕುತ್ತಿಗೆಯ ಮೇಲೆ ಹೇಗೆ ಬೀಳುತ್ತೆ, ಹೊರುವ ಮೊದಲು ಏನು ನೇಮ ಮಾಡ್ತಾರೆ, ಹಗ್ಗದ ಆ ಗಂಟಿಗೆ ಅವರೂರಲ್ಲಿ ಏನು ಹೆಸರು, ಇವೆಲ್ಲ ಕಾರ್ಡಿನ ಮೇಲೆ ಬರೆದ ಒಂದು ಸಾಲಿನಲ್ಲಿ ಸಿಗುವುದಿಲ್ಲ. ಎಲ್ಲ ವಸ್ತುಗಳ ಫೋಟೊ ಆನ್‌ಲೈನ್ ಹಾಕಬೇಕು ಅನ್ನುವುದನ್ನು ನಾನೂ ಒಪ್ಪುತ್ತೇನೆ, ಆದರೆ ಸುಮ್ನೆ ಫೋಟೊ ಹಾಕಿದರೆ ಸಾಲದು, ಆ ಮಾತೂ ಜೊತೆಗಿರಬೇಕು. ಕ್ಯಾಂಪಸ್‌ನಲ್ಲೇ ಜಾನಪದ ಓದುವ ಮಕ್ಕಳಿದ್ದಾರೆ. ಇದಕ್ಕಿಂತ ಒಳ್ಳೆಯ ಕ್ಷೇತ್ರಕಾರ್ಯ ಯಾವುದಿದೆ ಹೇಳಿ?

ಪ್ರಶ್ನೆ: ಅಜ್ಜಿ ಮನೆ ಕೆಡವುತ್ತಿದ್ದೇವೆ. ಅಟ್ಟದ ಮೇಲೆ ಹಳೇ ಸಾಮಾನು ತುಂಬಾ ಇದೆ. ಮ್ಯೂಸಿಯಂಗೆ ಕೊಡಬಹುದಾ? — ಗೃಹಿಣಿ, ಕೊಳ್ಳೇಗಾಲ

ಕೇಳಿದ್ದು ಒಳ್ಳೆಯದಾಯಿತು, ಮೊದಲು ಗುಜರಿಯವರನ್ನು ಕರೆಯಬೇಡಿ. ಒಂದೊಂದರ ಫೋಟೊ ತೆಗೆದು, ಒಂದು ಪಟ್ಟಿ ಮಾಡಿ ವಿಚಾರಿಸಿ. ಎಲ್ಲವನ್ನೂ ತೆಗೆದುಕೊಳ್ಳುವುದಿಲ್ಲ, ಅಲ್ಲಿ ಈಗಾಗಲೇ ಇರುವಂಥದ್ದು ಮತ್ತೆ ಬೇಡ ಅನ್ನಬಹುದು, ಬೇಜಾರು ಮಾಡಿಕೊಳ್ಳಬೇಡಿ. ಕೊಟ್ಟದ್ದಕ್ಕೆ ರಸೀದಿ ಕೇಳಿ ಪಡೆಯಿರಿ.

ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಮರಕ್ಕೆ ವಾರ್ನಿಷ್ ಹಚ್ಚಬೇಡಿ. ಮಸಿ ಇದ್ದರೆ ಇರಲಿ. ಅಜ್ಜಿ ಇದ್ದರೆ ಇವತ್ತೇ ಹತ್ತಿರ ಕೂತು, ಒಂದೊಂದನ್ನೂ ಅವರ ಕೈಗೆ ಕೊಟ್ಟು ಕೇಳಿ: ಇದಕ್ಕೆ ಏನಂತಿದ್ರಿ, ಯಾರು ಮಾಡಿಕೊಟ್ಟಿದ್ದು, ಯಾವ ಸಂತೆಯಲ್ಲಿ ತಂದಿದ್ದು. ಅವರು ಹೇಳಿದ ಮಾತನ್ನು ಅವರ ಮಾತಿನಲ್ಲೇ ಚೀಟಿಯಲ್ಲಿ ಬರೆದು, ಆಯಾ ಸಾಮಾನಿಗೆ ಹತ್ತಿ ದಾರದಲ್ಲಿ ಕಟ್ಟಿ.