ತಂಗಿ ಬಡ್ತಿ ಪರೀಕ್ಷೆಗೆ ಅರ್ಜಿ ಹಾಕುತ್ತಿಲ್ಲ: ಹೆಂಗಸರಿಗೆ ಧೈರ್ಯ ಕಡಿಮೆ ಎನ್ನುವುದು ನಿಜವೇ?

ನಿಮ್ಮ ತಂಗಿ ಮುಂಬಯಿಯ ಬ್ಯಾಂಕೊಂದರಲ್ಲಿ ಗುಮಾಸ್ತೆ, ಕೆಲಸದಲ್ಲಿ ಚುರುಕು. ಆದರೂ ಅಧಿಕಾರಿ ಹುದ್ದೆಯ ಪರೀಕ್ಷೆಗೆ ಅರ್ಜಿ ಹಾಕುತ್ತಿಲ್ಲ. ಆಕೆಗಿಂತ ಕಡಿಮೆ ತಿಳಿದ ಸಹೋದ್ಯೋಗಿ ಹಾಕಿ ಕುಳಿತಿದ್ದಾನೆ. ಇದು ಹೆಣ್ಣಿನ ಸ್ವಭಾವವೇ ಎಂದು ಕೇಳಿದ್ದೀರಿ. ನಾನು ಡೊಂಬಿವಲಿಯಲ್ಲಿ ಮ್ಯೂಚುವಲ್ ಫಂಡ್ ಮಾರುವವಳು. ಗಿರಾಕಿಗಳು ಹೆಚ್ಚಾಗಿ ನಮ್ಮ ಕನ್ನಡದವರೇ, ಹೋಟೆಲಿನವರು, ಬ್ಯಾಂಕಿನವರು, ನಿವೃತ್ತ ಶಿಕ್ಷಕಿಯರು. ದುಡ್ಡಿನ ಮುಂದೆ ಯಾರು ಅಳುಕುತ್ತಾರೆ, ಯಾರು ನುಗ್ಗುತ್ತಾರೆ ಎಂದು ನೋಡುವುದು ನನ್ನ ಹೊಟ್ಟೆಪಾಡು.

ಮೊದಲು ಆ ಸಹೋದ್ಯೋಗಿಯ ವಿಷಯ. ಮ್ಯೂರಿಯೆಲ್ ನೀಡರ್ಲಿ, ಲೀಸ್ ವೆಸ್ಟರ್‌ಲುಂಡ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು 2007ರಲ್ಲಿ ಅಮೆರಿಕದ ಪ್ರಯೋಗವೊಂದನ್ನು ಪ್ರಕಟಿಸಿದರು. ಎರಡಂಕಿಯ ಐದೈದು ಸಂಖ್ಯೆಗಳನ್ನು ಕೂಡುವ ಲೆಕ್ಕಗಳು, ಐದು ನಿಮಿಷದಲ್ಲಿ ಆದಷ್ಟು ಮಾಡಬೇಕು. ಸರಿಯುತ್ತರವೊಂದಕ್ಕೆ ಅರ್ಧ ಡಾಲರ್ ಪಡೆದು ಸುಮ್ಮನಿರಬಹುದು, ಇಲ್ಲವೇ ಪಂದ್ಯಕ್ಕಿಳಿಯಬಹುದು. ಅಲ್ಲಿ ನಾಲ್ವರ ಗುಂಪಿನಲ್ಲಿ ಮೊದಲಾದವರಿಗೆ ಉತ್ತರಕ್ಕೆ ಎರಡು ಡಾಲರ್, ಉಳಿದ ಮೂವರಿಗೆ ಏನೂ ಇಲ್ಲ. ಲೆಕ್ಕದಲ್ಲಿ ಗಂಡು ಹೆಣ್ಣು ಸಮಸಮ. ಆದರೂ ಪಂದ್ಯ ಆರಿಸಿದವರು ಗಂಡಸರಲ್ಲಿ ಶೇ. 73, ಹೆಂಗಸರಲ್ಲಿ ಶೇ. 35.

ಬಹಳ ಮಂದಿ ಇಲ್ಲಿಗೇ ನಿಲ್ಲಿಸಿ ಹೆಂಗಸರಿಗೆ ಬುದ್ಧಿ ಹೇಳಲು ಹೊರಡುತ್ತಾರೆ. ಆದರೆ ಅದೇ ಪ್ರಯೋಗದಲ್ಲಿ, ತನ್ನ ಗುಂಪಿಗೆ ತಾನೇ ಮೊದಲು ಎಂದು ನಂಬಿದ್ದ ಗಂಡಸರು ಶೇ. 75! ನಾಲ್ವರಲ್ಲಿ ಮೊದಲಾಗುವುದು ಒಬ್ಬನೇ. ಹೆಂಗಸರಲ್ಲಿ ಹಾಗೆ ನಂಬಿದವರು ಶೇ. 43, ಅದೂ ತುಸು ಜಾಸ್ತಿಯೇ. ಗೆಲ್ಲಬಹುದಾಗಿದ್ದ ಹೆಂಗಸರು ಹೊರಗುಳಿದರು, ಸೋಲುವುದು ಖಚಿತವಿದ್ದ ಗಂಡಸರು ಒಳಗೆ ನುಗ್ಗಿದರು. ಹಾಗಾಗಿ ತಂಗಿ ಏಕೆ ಹಾಕಲಿಲ್ಲ ಎನ್ನುವಷ್ಟೇ ಅವನೇಕೆ ಹಾಕಿದ ಎಂದೂ ಕೇಳಬೇಕು.

ಷೇರು ಪೇಟೆಯಲ್ಲೂ ಇದೇ ಕಥೆ. ಬಾರ್ಬರ್ ಮತ್ತು ಓಡಿಯನ್ ಎಂಬವರು ಅಮೆರಿಕದ ದಲ್ಲಾಳಿ ಸಂಸ್ಥೆಯೊಂದರ ಸಾವಿರಾರು ಖಾತೆಗಳನ್ನು ಜಾಲಾಡಿ 2001ರಲ್ಲಿ ಬರೆದರು: ಗಂಡಸರು ಹೆಂಗಸರಿಗಿಂತ ಶೇ. 45ರಷ್ಟು ಹೆಚ್ಚು ಕೊಂಡು ಮಾರುತ್ತಾರೆ, ಆ ಚಡಪಡಿಕೆಯಿಂದಲೇ ಹೆಚ್ಚು ಕಳೆದುಕೊಳ್ಳುತ್ತಾರೆ. ನಮ್ಮ ಬಾಂದ್ರಾ–ಕುರ್ಲಾದಲ್ಲಿರುವ, ಷೇರು ಪೇಟೆಯನ್ನು ನಿಯಂತ್ರಿಸುವ ಸೆಬಿಯ 2024ರ ಅಧ್ಯಯನದ ಪ್ರಕಾರ ಫ್ಯೂಚರ್ಸ್, ಆಪ್ಷನ್ಸ್‌ಗೆ, ಅಂದರೆ ಷೇರಿನ ಮುಂದಿನ ಬೆಲೆಯ ಮೇಲೆ ಪಣ ಕಟ್ಟುವಂಥ ವಹಿವಾಟಿಗೆ, ಕೈಹಾಕಿದ ಸಾಮಾನ್ಯರಲ್ಲಿ ಮೂರು ವರ್ಷಗಳಲ್ಲಿ ಶೇ. 93 ಮಂದಿ ನಷ್ಟ ಅನುಭವಿಸಿದ್ದಾರೆ. ಅದನ್ನು ಮುಟ್ಟದವರನ್ನು ಪುಕ್ಕಲರು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು ಮಾತು. ಷೇರುಗಳಲ್ಲಿ ದುಡ್ಡು ಹಾಕುವ ಈಕ್ವಿಟಿ ಫಂಡ್ ಎಂದರೆ "ಬೇಡವಮ್ಮಾ, ಮುಳುಗಿ ಹೋದರೆ?" ಎನ್ನುವ ಅದೇ ಹೆಂಗಸರು ಕಟ್ಟಡದ ಭಿಶಿಗೆ, ಅಂದರೆ ಚೀಟಿಗೆ, ಕಾಗದಪತ್ರವಿಲ್ಲದೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ದೊಡ್ಡ ಅಪಾಯ. ಅವರ ದೃಷ್ಟಿಯಲ್ಲಿ ಅಲ್ಲ, ಏಕೆಂದರೆ ಚೀಟಿ ನಡೆಸುವವಳ ಅತ್ತೆ, ನಾದಿನಿ, ಊರು, ಎಲ್ಲ ಗೊತ್ತು. ದುಡ್ಡು ಬಾರದಿದ್ದರೆ ಹಿಡಿದು ಕೇಳುವ ದಾರಿ ಗೊತ್ತಿರುವ ಕಡೆ ಅವರು ಧಾರಾಳವಾಗಿಯೇ ಇರುತ್ತಾರೆ.

ಹುಟ್ಟುಗುಣ ಎನ್ನುವವರು ಮೇಘಾಲಯದ ಖಾಸಿಗಳನ್ನೂ ನೋಡಬೇಕು. ಅಲ್ಲಿ ವಂಶ ತಾಯಿಯ ಕಡೆಯಿಂದ ಬರುತ್ತದೆ, ಮನೆ ಕಿರಿಮಗಳಿಗೆ. 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಟೆನಿಸ್ ಚೆಂಡನ್ನು ಬಕೆಟ್ಟಿಗೆ ಎಸೆಯುವ ಆಟದಲ್ಲಿ ಪೈಪೋಟಿ ಆರಿಸಿಕೊಂಡವರು ಖಾಸಿ ಹೆಂಗಸರಲ್ಲಿ ಶೇ. 54, ಗಂಡಸರಲ್ಲಿ ಶೇ. 39. ಗಂಡಸರ ಯಜಮಾನಿಕೆಯ ತಾಂಜಾನಿಯಾದ ಮಸಾಯಿಗಳಲ್ಲಿ ತಿರುಗುಮುರುಗು: ಗಂಡಸರು ಶೇ. 50, ಹೆಂಗಸರು ಶೇ. 26. ಸಣ್ಣ ಗುಂಪುಗಳ ಅಧ್ಯಯನ, ನಿಜ. ಆದರೆ "ಸ್ವಭಾವ" ಎಂದು ಕೈತೊಳೆದುಕೊಳ್ಳುವುದನ್ನು ತಡೆಯಲು ಸಾಕು.

ಇನ್ನು ನಿಮ್ಮ ತಂಗಿ. ಬ್ಯಾಂಕಿನಲ್ಲಿ ಅಧಿಕಾರಿಯಾದರೆ ಸಂಬಳದ ಜೊತೆಗೆ ವರ್ಗಾವಣೆಯೂ ಬರುತ್ತದೆ. ನಾಳೆ ನಾಂದೇಡಕ್ಕೋ ನಾಗಪುರಕ್ಕೋ ಹಾಕಿದರೆ ಮಕ್ಕಳ ಶಾಲೆ, ಅತ್ತೆಯ ಔಷಧಿ ಯಾರ ಪಾಲಿಗೆ? ಸಹೋದ್ಯೋಗಿ ಹೆಂಡತಿಯ ಮೇಲೆ ಎಲ್ಲ ಬಿಟ್ಟು ಹೋಗುತ್ತಾನೆ. ನಿಮ್ಮ ತಂಗಿಗೆ ಸೋಲುವುದಕ್ಕಿಂತ ಗೆಲ್ಲುವುದೇ ದುಬಾರಿ ಇರಬಹುದು. ಧೈರ್ಯದ ಪಾಠ ಹೇಳುವ ಮುನ್ನ ಆಕೆಯ ಗಂಡನೊಂದಿಗೆ ಕುಳಿತು ಮಾತನಾಡಿ. ಹಿಂದಿನ ಸಲ ಬಡ್ತಿ ಪಡೆದವರನ್ನು ಎಲ್ಲಿಗೆ ಹಾಕಿದರು, ಬಡ್ತಿ ಬೇಡವೆಂದರೆ ಏನು ನಿಯಮ ಎಂದು ಆಕೆಯ ಬ್ಯಾಂಕಿನ ಯೂನಿಯನ್‌ನವರನ್ನು ವಿಚಾರಿಸಿ.

ಆಕೆ ಪರೀಕ್ಷೆಗೆ ಕುಳಿತರೆ ಒಂದು ಉಪಯೋಗದ ಮಾತು. ತಪ್ಪುತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಗಳಲ್ಲಿ ಹೆಂಗಸರು ಗಂಡಸರಿಗಿಂತ ಹೆಚ್ಚು ಪ್ರಶ್ನೆಗಳನ್ನು ಖಾಲಿ ಬಿಡುತ್ತಾರೆಂದು ಪ್ರಯೋಗಗಳು ತೋರಿಸಿವೆ. ನಾಲ್ಕು ಆಯ್ಕೆ, ತಪ್ಪಿಗೆ ಕಾಲು ಅಂಕ ಕಡಿತವೆಂದಾದರೆ, ಒಂದಾದರೂ ಆಯ್ಕೆ ತಪ್ಪೆಂದು ಗೊತ್ತಾದ ಮೇಲೆ ಊಹಿಸಿ ಗುರುತು ಹಾಕುವುದರಲ್ಲಿ ಸರಾಸರಿ ಲಾಭವೇ ಇದೆ.